ಆಯಿಶಮ್ಮನಿಗೆ ಏನು ಬೇಕಿತ್ತು

ಯಾರಾದರೂ ಫೋನ್ ಮಾಡಿ "ಏನಿಲ್ಲ, ಸುಮ್ಮನೆ ಮಾಡಿದೆ" ಅಂದರೆ ಈಗಲೂ ನನ್ನ ಕಿವಿ ನೆಟ್ಟಗಾಗುತ್ತದೆ. ಸುಮ್ಮನೆ ಯಾರು ಫೋನ್ ಮಾಡುತ್ತಾರೆ? ಊಟ ಆಯ್ತಾ, ಮಳೆ ಬಂತಾ, ಮಕ್ಕಳು ಹೇಗಿದ್ದಾರೆ ಅಂತೆಲ್ಲ ಕೇಳಿ ಮುಗಿಸಿ, "ಸರಿ, ಇಡ್ತೀನಿ" ಅಂತ ಇಟ್ಟುಬಿಟ್ಟರೆ ಆ ಮಧ್ಯಾಹ್ನವಿಡೀ ನನಗೆ ನೆಮ್ಮದಿ ಇಲ್ಲ. ಕೇಳಬೇಕಾದ್ದನ್ನು ಕೇಳದೆ ಇಟ್ಟರು ಅಂದರೆ ಇನ್ನೊಮ್ಮೆ ಮಾಡುತ್ತಾರೆ ಅಂತ ಲೆಕ್ಕ. ಮಗಳು ನಗುತ್ತಾಳೆ. "ಅಮ್ಮಾ, ಅವ್ರು ನಿನ್ನ ಫ್ರೆಂಡು, ಸಿಐಡಿ ಅಲ್ಲ" ಅನ್ನುತ್ತಾಳೆ. ಅವಳಿಗೇನು ಗೊತ್ತು. ಅವಳು ಬೆಳೆದ ಮನೆಯಲ್ಲಿ ಬಂದವರು ಎದ್ದುಹೋದರೆ ಮಾತು ಮುಗಿಯಿತು. ನಾನು ಬೆಳೆದ ಮನೆಯಲ್ಲಿ ಬಂದವರು ಎದ್ದುಹೋದ ಮೇಲೆಯೇ ಮಾತಿನ ವಿಚಾರಣೆ ಶುರುವಾಗುತ್ತಿದ್ದದ್ದು.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲೇ ನಮ್ಮ ಮನೆ. ಹಿಂದುಗಡೆ ಕಾಫಿ ತೋಟ. ಎಸ್ಟೇಟ್ ಅನ್ನುವಷ್ಟು ದೊಡ್ಡದಲ್ಲ, ಆದರೆ ಅಪ್ಪ ಎಸ್ಟೇಟ್ ಅಂತಲೇ ಅನ್ನುತ್ತಿದ್ದ. ಒಳ್ಳೆಯ ಬೀಜವೆಲ್ಲ ಮಾರಾಟಕ್ಕೆ ಅಂತ ಕ್ಯೂರಿಂಗಿಗೆ ಹೋಗುತ್ತಿತ್ತು. ಒಡಕು, ಕರಿಕಲು ಬೀಜ ನಮ್ಮ ಕಾಫಿಗೆ. ಅದರಲ್ಲೂ ಅಜ್ಜಿ, ಅಂದರೆ ಅಪ್ಪನ ಅವ್ವ, ಎರಡು ತರ ಮಾಡಿಡುತ್ತಿದ್ದಳು. ಬಂದವರು ಜಗಲಿಯಲ್ಲಿ ಕೂತು ಯಾಕೆ ಬಂದೆವು ಅಂತ ಮೊದಲೇ ಹೇಳಿದರೆ ಗಟ್ಟಿ ಡಿಕಾಕ್ಷನ್ನು. ಹೇಳದೆ ಊರ ಸುದ್ದಿ ಮಾತಾಡುತ್ತ ಕೂತರೆ ಎರಡನೇ ಸಲ ಇಳಿಸಿದ ನೀರು ಡಿಕಾಕ್ಷನ್ನು. "ಕಾರಣ ಇಲ್ದೆ ಕಾಲು ಸವೆಸೋರಿಗೆ ಅಷ್ಟು ಸಾಕು" ಅನ್ನುತ್ತಿದ್ದಳು. ಮನೆಗೆ ಮೂರು ಕೋಣೆ, ಒಂದು ಅಟ್ಟ, ಹಂಡೆ ಹುಗಿದ ಬಚ್ಚಲುಮನೆ, ಅಂಗಳದ ಮೂಲೆಯಲ್ಲಿ ಬಾವಿ. ಬಾವಿಗೆ ರಾಟೆ ಇರಲಿಲ್ಲ. ಅಡ್ಡ ಹಾಕಿದ ಒಂದು ಹಲಗೆಯ ಮೇಲೆ ಹಗ್ಗ ಜಾರಿಸಿ ಅಮ್ಮ ಇಡೀ ಮನೆಗೆ, ದನಕ್ಕೆ, ಹಂಡೆಗೆ ನೀರು ಸೇದುತ್ತಿದ್ದಳು. ಅವಳ ಅಂಗೈ ಮುಟ್ಟಿದರೆ ನನ್ನ ಕೆನ್ನೆ ಉರಿಯುತ್ತಿತ್ತು. ರಾಟೆಯ ಮಾತು ತೆಗೆದರೆ ಅಪ್ಪ, "ನೋಡೋಣ, ಈ ಫಸಲು ಆಗ್ಲಿ" ಅನ್ನುತ್ತಿದ್ದ. ಎಷ್ಟು ಫಸಲು ಬಂದು ಹೋದವೋ.

ನಮ್ಮ ಮನೆಯಲ್ಲಿ ಮಾತಿಗೆ ಕಟ್ಟುಪಾಡುಗಳಿದ್ದವು. ಹೊರಟವರನ್ನು ಎಲ್ಲಿಗೆ ಅಂತ ಕೇಳಕೂಡದು. ನಮ್ಮನ್ನು ಯಾರಾದರೂ ಕೇಳಿದರೆ ಮಂಗಳೂರಿಗೆ ಹೊರಟಿದ್ದರೂ "ಇಲ್ಲೇ ಸ್ವಲ್ಪ" ಅನ್ನಬೇಕು. ಹೂಮಳೆ ಬಿದ್ದು ಇಡೀ ಗುಡ್ಡ ಕಾಫಿ ಹೂವಿನಲ್ಲಿ ಬೆಳ್ಳಗೆ ಅರಳಿ ನಿಂತಿದ್ದರೂ, ಹೂವು ಹೇಗಿದೆ ಅಂದವರಿಗೆ "ಎಂಥದೂ ಇಲ್ಲ ಮಾರಾಯ, ಅಲ್ಲೊಂದು ಇಲ್ಲೊಂದು" ಅನ್ನಬೇಕು. ಕೇಳಿದವನಿಗೂ ಆ ಗುಡ್ಡ ಕಾಣುತ್ತಿರುತ್ತಿತ್ತು. ಅವನೂ ತಲೆ ಆಡಿಸಿ "ನಮ್ಮದೂ ಅಷ್ಟೇ" ಅಂತ ಹೋಗುತ್ತಿದ್ದ. ಇಬ್ಬರಿಗೂ ಸಮಾಧಾನ. ಇನ್ನು ಹೊಗಳಿಕೆಯಂತೂ ಹತ್ತಿರ ಸುಳಿಯುವ ಹಾಗಿಲ್ಲ. ನನ್ನ ಜಡೆ ಚೆನ್ನಾಗಿದೆ ಅಂದವರು ಗೇಟು ದಾಟುವಷ್ಟರಲ್ಲಿ ಅಜ್ಜಿ ಒಲೆಗೆ ಮೆಣಸಿನಕಾಯಿ ಹಾಕುತ್ತಿದ್ದಳು, ನಾವೆಲ್ಲ ಕೆಮ್ಮುತ್ತಿದ್ದೆವು.

ಇಂಥ ಮನೆಯ ಎದುರಿಗೆ, ರಸ್ತೆಯ ಆಚೆ ಬದಿಗೆ, ಹಸನಬ್ಬ ಅನ್ನುವವರು ಜೀಪು ರಿಪೇರಿಯ ಗ್ಯಾರೇಜು ಹಾಕಿದರು. ಗ್ಯಾರೇಜಿನ ಹಿಂದೆಯೇ ಅವರ ಮನೆ. ಅವರ ಹೆಂಡತಿ ಆಯಿಶಮ್ಮ. ತಮ್ಮವರ ಜೊತೆ ಬ್ಯಾರಿ ಮಾತು, ನಮ್ಮ ಜೊತೆ ನಮಗಿಂತ ಚುರುಕಾದ ಕನ್ನಡ. ಬಂದ ಮರುದಿನವೇ, ಬಸ್ಸಿಗೆ ಓಡುತ್ತಿದ್ದ ಅಪ್ಪನನ್ನು ನೋಡಿ ಆಚೆಯಿಂದ ಕೂಗಿ ಕೇಳಿಬಿಟ್ಟರು:

"ಎಲ್ಲಿಗೆ ಹೊರಟ್ರಿ ಗೌಡ್ರೇ?"

ಅಪ್ಪ ಅಲ್ಲೇ ನಿಂತ. ವಾಪಸ್ಸು ಬಂದು ಜಗಲಿಯಲ್ಲಿ ಕೂತು ಒಂದು ಲೋಟ ನೀರು ಕುಡಿದ. ಅಪಶಕುನ ಕಳೆಯಲಿ ಅಂತ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊರಟ. ಅಷ್ಟರಲ್ಲಿ ಬಸ್ಸು ಹೋಗಿತ್ತು. ಆಯಿಶಮ್ಮನಿಗೆ ಪಾಪ ಅದರ ತಲೆಬುಡ ಗೊತ್ತಿಲ್ಲ. ಅವರ ಕಡೆ ಕೇಳದೆ ಬಿಟ್ಟರೇ ಅಸಡ್ಡೆಯಂತೆ. "ಅಯ್ಯೋ ಗೌಡ್ರೇ, ಬಸ್ಸು ತಪ್ಪಿತಾ? ಎಲ್ಲಿಗೆ ಹೋಗ್ಬೇಕಿತ್ತು?" ಅಂತ ಇನ್ನೊಂದು ಸಲ ಕೇಳಿದರು. ಅವತ್ತು ಅಪ್ಪ ಊರು ಬಿಟ್ಟು ಕದಲಲಿಲ್ಲ.

ಅಮ್ಮ ಮತ್ತು ಆಯಿಶಮ್ಮನ ಮಾತು ಹೇಗೆ ಶುರುವಾಯಿತೋ ನಾನು ಕಾಣೆ. ನನಗೆ ನೆನಪಿರುವ ಹೊತ್ತಿಗೆ ಅದು ದಿನಾ ಸಂಜೆಯ ಕೆಲಸವಾಗಿತ್ತು. ಬೇಲಿಯಲ್ಲಿ ಒಂದು ಕಡೆ ದನ ನುಗ್ಗದ ಹಾಗೆ ಬಿದಿರು ಅಡ್ಡ ಹಾಕಿದ ಉಣುಗೋಲು ಇತ್ತು. ಒಳಗೆ ಅಮ್ಮ, ಹೊರಗೆ ಆಯಿಶಮ್ಮ, ನಡುವೆ ಬಿದಿರು. ಏನು ಸಾರು, ಯಾರಿಗೆ ಜ್ವರ, ಯಾವ ಹಸು ಒದ್ದಿತು. ಅಮ್ಮನಿಗೆ ಅಷ್ಟು ಮಾತು ಬರುತ್ತದೆ ಅಂತ ನನಗೆ ಗೊತ್ತಾದದ್ದೇ ಅಲ್ಲಿ. ಮನೆಯೊಳಗೆ ಅವಳ ಮಾತು "ಹೂಂ ಅತ್ತೆ"ಯಿಂದ ಶುರುವಾಗಿ "ಆಯ್ತು ಅತ್ತೆ"ಯಲ್ಲಿ ಮುಗಿಯುತ್ತಿತ್ತು.

ಊಟದ ಹೊತ್ತಿಗೆ ವಿಚಾರಣೆ. ಕಡುಬು ಬಡಿಸುತ್ತ ಅಮ್ಮ ಅವತ್ತಿನ ಮಾತನ್ನೆಲ್ಲ ಒಪ್ಪಿಸಬೇಕು. ಬಿಟ್ಟುಹೋದದ್ದನ್ನು ತುಂಬಿಸುವುದಕ್ಕೆ ನಾನು. ಉಣುಗೋಲಿನ ಹತ್ತಿರ ಆಡಿಕೊಂಡಿರು ಅಂತ ಅಜ್ಜಿ ನನ್ನನ್ನು ಕಳಿಸುತ್ತಿದ್ದದ್ದೇ ಅದಕ್ಕೆ.

"ಏನಂದ್ಳು ಗ್ಯಾರೇಜಿನವಳು?"

"ಎಂಥ ಇಲ್ಲ ಅತ್ತೆ. ಹಲಸಿನಕಾಯಿ ಪಲ್ಯಕ್ಕೆ ಕೊಬ್ಬರಿ ಹಾಕ್ತೀರಾ ಅಂತ ಕೇಳಿದ್ರು."

ಅಜ್ಜಿ ಅಪ್ಪನ ಮುಖ ನೋಡುತ್ತಿದ್ದಳು. ಅಪ್ಪ ಅಗಿಯುವುದು ನಿಲ್ಲಿಸುತ್ತಿದ್ದ. ಹಲಸು ಅಂದರೆ ರಸ್ತೆ ಬದಿಯ ಹಲಸಿನ ಮರ. ಆ ಮರ ಅಂದರೆ ಅದರ ಬುಡದ ಜಾಗ. ಗ್ಯಾರೇಜು ದೊಡ್ಡದು ಮಾಡುವುದಕ್ಕೆ ಆ ಜಾಗ ಬೇಕು, ಅದಕ್ಕೇ ಪಲ್ಯದಿಂದ ಶುರು ಮಾಡಿದ್ದಾಳೆ.

"ಕೇಳ್ತಾಳೆ ನೋಡು. ಒಂದಿನ ಕೇಳೇ ಕೇಳ್ತಾಳೆ" ಅನ್ನುತ್ತಿದ್ದಳು ಅಜ್ಜಿ.

ಆಯಿಶಮ್ಮನಿಗೆ ಏನು ಬೇಕು ಅನ್ನುವುದರ ಮೇಲೆ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಊಹೆ ನಡೆಯಿತು. ಜಾಗ, ಬಾವಿ ನೀರು, ಒಳ್ಳೆ ಮೆಣಸಿನ ಬಳ್ಳಿ, ಕೊನೆಗೆ ಹಾಲು ಕರೆಯುವ ನಮ್ಮ ಗೌರಿ ದನ. ಇವುಗಳಲ್ಲಿ ಒಂದನ್ನೂ ಅವರು ಕೇಳಲಿಲ್ಲ. ಕೇಳದೆ ಇದ್ದಷ್ಟೂ ಅಜ್ಜಿಯ ಅನುಮಾನ ಗಟ್ಟಿಯಾಯಿತು. ಹಬ್ಬಕ್ಕೆ ಬನ್ನಿ ಅಂತ ಕರೆದರೆ ಆಯಿಶಮ್ಮ "ಇನ್ಶಾ ಅಲ್ಲಾ" ಅನ್ನುತ್ತಿದ್ದರು. "ಬರ್ತೀನಿ ಅನ್ನೋಕೆ ಏನು ದಾಡಿ? ದೇವ್ರ ಮೇಲೆ ಹಾಕ್ತಾಳೆ, ನಾಳೆ ಯಾರೂ ಕೇಳೋ ಹಾಗಿಲ್ಲ" ಅಂತ ಅಜ್ಜಿ ಅದಕ್ಕೂ ಅರ್ಥ ಹಚ್ಚಿದಳು.

ಎಲ್ಲಕ್ಕಿಂತ ಹೆಚ್ಚು ಅಜ್ಜಿಗೆ ಉರಿದದ್ದು ಎರಡು ಸಲ. ಒಂದು ಅಮ್ಮನ ತವರಿನ ವಿಷಯ. ಅಮ್ಮನ ತವರು ಕಳಸದ ಹತ್ತಿರ. ಕಾಫಿ ಕೊಯ್ಲು, ಆಮೇಲೆ ಮೆಣಸು, ಆಮೇಲೆ ಮಳೆಗಾಲದ ಸೌದೆ, ಹೀಗೆ ಅವಳು ತವರಿನ ಮುಖ ನೋಡಿ ಬಹಳ ವರ್ಷವಾಗಿತ್ತು. ಕೇಳುವ ಧೈರ್ಯ ಅವಳಿಗಿಲ್ಲ. ಒಂದು ಸಂಜೆ ಆಯಿಶಮ್ಮ ಬಿದಿರಿಗೆ ಒರಗಿ ಹೇಳಿದರು:

"ಸಾವಿತ್ರಕ್ಕ, ಇವತ್ತು ಕಳಸದ ಕಡೆಯ ಜೀಪೊಂದು ರಿಪೇರಿಗೆ ಬಂದಿತ್ತು. ಅವ್ರು ಮಾತಾಡ್ಕೋತಿದ್ರು ಮಾರಾಯ್ತಿ. ಈ ಗೌಡ್ರ ಹೆಂಡ್ತಿ ತವರಿಗೆ ಬರೋದೇ ಇಲ್ವಲ್ಲ, ಮನೇಲಿ ಏನಾದ್ರೂ ಜಗಳವಾ ಅಂತ."

ಅಮ್ಮ ಹೇಳದೆ ಬಿಟ್ಟರೂ ನಾನು ಒಪ್ಪಿಸಿದೆ. ಅಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಯಾವ ಜೀಪಿನವ್ರು? ಯಾರಂತೆ?" ಅಂತ ಕೇಳಿದ. ಯಾರೋ ಏನೋ, ಹೆಸರು ಹೇಳಿರಲಿಲ್ಲ. ಜನ ಹೀಗೆ ಮಾತಾಡಿಕೊಂಡರೆ ಹೇಗೆ? ಮರುದಿನದ ಬಸ್ಸಿಗೇ ಅಮ್ಮನೂ ನಾನೂ ಕಳಸಕ್ಕೆ. ಅಜ್ಜಿ ತಾನೇ ಚಕ್ಕುಲಿ ಡಬ್ಬಿ ಕಟ್ಟಿಕೊಟ್ಟಳು, ಅದೂ ತುಂಬಿಸಿ. ಕಟ್ಟುತ್ತ ಕಟ್ಟುತ್ತ, "ನಮ್ಮ ಮನೆ ಮಾತು ಬೀದಿಗೆ ಬಿದ್ದಿದ್ದು ಆ ಗ್ಯಾರೇಜಿನವಳಿಂದ್ಲೇ" ಅಂತ ಗೊಣಗಿದಳು.

ಇನ್ನೊಂದು ನನ್ನದು. ಏಳನೇ ಕ್ಲಾಸು ಮುಗಿದಿತ್ತು. ಹೈಸ್ಕೂಲು ಅಂದರೆ ಮೂಡಿಗೆರೆ, ದಿನಾ ಬಸ್ಸು. ಹೆಣ್ಣುಮಗಳು, ಇನ್ನು ಸಾಕು ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ನಾನು ಬಚ್ಚಲುಮನೆಯಲ್ಲಿ ಕೂತು ಅತ್ತು ಮುಗಿಸಿದ್ದೆ. ಅವತ್ತು ಸಂಜೆ ಆಯಿಶಮ್ಮ ನನ್ನ ಕಡೆ ನೋಡದೆ, ಅಮ್ಮನಿಗೆ ಹೇಳಿದರು:

"ಪಕ್ಕದ ಎಸ್ಟೇಟಿನ ರೈಟರ್ ಇದ್ದಾರಲ್ಲ, ಅವ್ರ ಮಗಳನ್ನ ಹೈಸ್ಕೂಲಿಗೆ ಸೇರಿಸಿದ್ರಂತೆ. ಗ್ಯಾರೇಜಲ್ಲಿ ನಿಂತು ಯಾರೋ ಕೇಳ್ತಿದ್ರು, ಲೆಕ್ಕ ಬರೆಯೋ ರೈಟರೇ ಓದಿಸ್ತಾನೆ, ಗೌಡ್ರಿಗೆ ಆಗಲ್ವಾ ಅಂತ."

ಇದನ್ನೂ ನಾನೇ ಒಪ್ಪಿಸಿದೆ. ಅಪ್ಪ ಕೈ ತೊಳೆದು ಎದ್ದ. ಮುಂದಿನ ವಾರ ನನಗೆ ಹೈಸ್ಕೂಲಿನ ನೀಲಿ ಲಂಗ ಬಂತು. ಯಾರು ಹಾಗಂದರು ಅಂತ ಅಪ್ಪ ಬಹಳ ದಿನ ಆ ಗ್ಯಾರೇಜಿನಲ್ಲಿ ನಿಂತವರನ್ನೆಲ್ಲ ದುರುಗುಟ್ಟಿಕೊಂಡು ನೋಡುತ್ತಿದ್ದ.

ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಂದು ಬೆಳಿಗ್ಗೆ ಆಯಿಶಮ್ಮ ಉಣುಗೋಲು ಸರಿಸಿ ಒಳಗೆ ಬಂದರು. ಅಷ್ಟು ವರ್ಷದಲ್ಲಿ ಹಬ್ಬವಲ್ಲದ ದಿನ ಅವರು ನಮ್ಮ ಜಗಲಿ ಹತ್ತಿದ್ದು ಅದೇ ಮೊದಲು. ಹೊಸ ಸೀರೆ, ತಲೆ ಮೇಲೆ ಬಿಳಿ ಸೆರಗು. ಅಜ್ಜಿ ಒಳಗಿಂದಲೇ ನೋಡಿ ಅಪ್ಪನಿಗೆ ಪಿಸುಗುಟ್ಟಿದಳು, "ಬಂದ್ಳು. ಇವತ್ತು ಕೇಳ್ತಾಳೆ." ಅಪ್ಪ ಅಂಗಿ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತ. ಜಾಗ ಕೊಡುವುದಿಲ್ಲ ಅಂತ ಹೇಳುವುದಕ್ಕೆ ಗಂಟಲು ಸರಿಮಾಡಿಕೊಂಡ.

ಆಯಿಶಮ್ಮ ಕೂರಲಿಲ್ಲ. ನಿಂತೇ ಹೇಳಿದರು:

"ನಾವಿಬ್ರೂ ಈ ಶುಕ್ರವಾರ ಹಜ್ಜಿಗೆ ಹೊರಟಿದ್ದೀವಿ ಗೌಡ್ರೇ. ಹೋಗೋ ಮೊದ್ಲು ಎಲ್ಲರ ಹತ್ರ ಮಾಫ್ ಕೇಳ್ಕೊಂಡು ಹೋಗ್ಬೇಕು, ಅದು ನಮ್ಮ ಪದ್ಧತಿ. ಸಾವಿತ್ರಕ್ಕ, ನನ್ನಿಂದ ಮಾತಲ್ಲೋ ಕೆಲಸದಲ್ಲೋ ಏನಾದ್ರೂ ತಪ್ಪಾಗಿದ್ರೆ ಮಾಫ್ ಮಾಡ್ಬೇಕು."

ಅಮ್ಮ ಕೈ ಒರೆಸಿಕೊಳ್ಳುತ್ತ, "ಅಯ್ಯೋ ಬಿಡಿ, ಎಂಥ ಮಾತಾಡ್ತೀರಿ" ಅಂದಳು. ನಮ್ಮ ಕಡೆ ಅದಕ್ಕಿಂತ ದೊಡ್ಡ ಕ್ಷಮೆ ಇಲ್ಲ. ಬೇಕಾದವರ ನಡುವೆ ತಪ್ಪಾಯ್ತು, ಕ್ಷಮಿಸಿದೆ ಅನ್ನುವ ಮಾತೇ ಬರಬಾರದು. ಬಂದರೆ ಅವರು ಬೇಕಾದವರಲ್ಲ ಅಂತ ಅರ್ಥ. ಆದರೆ ಆಯಿಶಮ್ಮ ಕದಲಲಿಲ್ಲ.

"ಬಿಡಿ ಅಂದ್ರೆ ಆಗಲ್ಲ ಸಾವಿತ್ರಕ್ಕ. ಬಾಯಿ ಬಿಟ್ಟು ಹೇಳ್ಬೇಕು. ಮನುಷ್ಯರಿಗೆ ಮಾಡಿದ ತಪ್ಪನ್ನ ಮನುಷ್ಯರೇ ಮಾಫ್ ಮಾಡ್ಬೇಕಂತೆ, ಅದ್ರಲ್ಲಿ ದೇವ್ರು ಕೈ ಹಾಕಲ್ವಂತೆ. ನಿಮ್ಮದು ಉಳಿಸ್ಕೊಂಡು ಹೋದ್ರೆ ನಾನು ಅಲ್ಲಿವರೆಗೆ ಹೋಗಿಯೂ ಏನು ಬಂತು?"

ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಅಜ್ಜಿ ಜೋರಾಗಿ ಕೆಮ್ಮಿದಳು. ಅಮ್ಮನ ಬಾಯಿ ಮುಚ್ಚಿತು. "ಶುಕ್ರವಾರ ತಾನೇ ಹೊರಡೋದು? ಅಷ್ಟರೊಳಗೆ ಬರ್ತೀನಿ" ಅಂದಳು. ಆಯಿಶಮ್ಮ ಕಾಫಿಯನ್ನೂ ಕುಡಿಯದೆ ಹೋದರು. ಕಾಫಿಯೇನೋ ನೀರು ಡಿಕಾಕ್ಷನ್ನೇ ಆಗಿತ್ತು.

ಆಮೇಲೆ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ, ಅವತ್ತು ಬಂದಿರಲಿಲ್ಲ.

"ಏನೂ ಮಾಡದೆ ಯಾರಾದ್ರೂ ತಪ್ಪಾಯ್ತು ಅಂತಾರಾ?" ಅಂದಳು ಅಜ್ಜಿ. "ಏನೋ ಮಾಡಿದ್ದಾಳೆ. ದೊಡ್ಡದೇ ಮಾಡಿದ್ದಾಳೆ. ಏನು ಅಂತ ಗೊತ್ತಾಗೋ ತನಕ ಬಾಯಿ ಬಿಟ್ಟೀಯ ಜೋಕೆ. ಮಾಫ್ ಮಾಡಿದೆ ಅಂದುಬಿಟ್ರೆ ನಾಳೆ ಕೇಳೋಕೆ ಹಕ್ಕಿರಲ್ಲ."

ಅಪ್ಪ ಮೇಸ್ತ್ರಿಯನ್ನು ಕರೆದುಕೊಂಡು ತೋಟದ ಗಡಿ ಸುತ್ತಿದ. ಬಾಂದು ಕಲ್ಲುಗಳೆಲ್ಲ ಇದ್ದಲ್ಲೇ ಇದ್ದವು. ಹಾಗಾದರೆ ಇನ್ನೂ ಹೆಚ್ಚಿನ ಅನುಮಾನ. ಅಜ್ಜಿ ಅಟ್ಟ ಹತ್ತಿ ಹಿತ್ತಾಳೆ ಪಾತ್ರೆ ನೋಡಿದಳು, ಕೋಳಿಗೂಡಿನೊಳಗೆ ತಲೆ ಹಾಕಿದಳು, ಗೌರಿ ದನದ ಬಾಯಿ ತೆರೆದು ನೋಡಿದಳು. ಏನೂ ಕಳೆದಿರಲಿಲ್ಲ, ಯಾರಿಗೂ ಏನೂ ಆಗಿರಲಿಲ್ಲ. "ಕಾಣದ ಹಾಗೆ ಮಾಡಿದ್ದಾಳೆ" ಅಂತ ಅಜ್ಜಿ ತೀರ್ಪು ಕೊಟ್ಟಳು.

ಅಮ್ಮ ಆ ದಿನಗಳಲ್ಲಿ ಉಣುಗೋಲಿನ ಕಡೆ ಹೋಗಲಿಲ್ಲ. ಅವಳಿಗೂ ಒಳಗೊಂದು ಮುಳ್ಳು. ನೀರು ಸೇದುತ್ತಿದ್ದವಳು ಹಗ್ಗ ಹಿಡಿದುಕೊಂಡೇ ನನ್ನನ್ನು ಕೇಳಿದಳು, "ಇಷ್ಟು ವರ್ಷ ಮಾತಾಡಿ ಈಗ ಮಾಫ್ ಕೇಳ್ತಾರಲ್ಲ, ನನ್ನನ್ನ ಹೊರಗಿನವಳು ಅಂದ್ಕೊಂಡ್ರಾ?" ಅಮ್ಮನಿಗೆ ಆ ರಸ್ತೆಯಲ್ಲಿ, ಆ ಊರಿನಲ್ಲಿ ಇದ್ದದ್ದೇ ಒಬ್ಬ ಗೆಳತಿ. ಆ ಗೆಳತಿ ಒಂದು ಮಾತು ಕೇಳಿದ್ದರು. ಆ ಮಾತು ಕೊಡದೆ ಹೋದರೆ, ಅವರು ವಾಪಸ್ಸು ಬಂದ ಮೇಲೆ ಬಿದಿರಿನ ಆಚೆ ಬಂದು ನಿಲ್ಲುತ್ತಾರೆಯೇ ಅಂತ ಅವಳಿಗೆ ಹೆದರಿಕೆ. ಅದನ್ನು ಅವಳು ಹೇಳಲಿಲ್ಲ. ಆದರೆ ಶುಕ್ರವಾರದ ತನಕ ಸಾರಿಗೆ ಉಪ್ಪು ಬೀಳಲಿಲ್ಲ, ಅಜ್ಜಿಯೂ ಉಸಿರೆತ್ತದೆ ಉಂಡಳು.

ಶುಕ್ರವಾರ ಬೆಳಿಗ್ಗೆ ಗ್ಯಾರೇಜಿನ ಮುಂದೆ ಜನವೋ ಜನ. ಆಲ್ದೂರಿಂದ, ಚಿಕ್ಕಮಗಳೂರಿಂದ ನೆಂಟರು ಬಂದಿದ್ದರು. ಎಲ್ಲರೂ ಗಂಡ ಹೆಂಡತಿ ಇಬ್ಬರ ಕೈ ಹಿಡಿದು ಅದೇ ಮಾಫಿನ ಮಾತು ಹೇಳುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು. ನಮ್ಮ ಜಗಲಿಯಿಂದ ಅದೆಲ್ಲ ಕಾಣುತ್ತಿತ್ತು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. "ನೋಡು, ಎಲ್ಲರಿಗೂ ಮಾಡಿದ್ದಾಳೆ" ಅಂದಳು. ಜೀಪು ಸ್ಟಾರ್ಟ್ ಆಯಿತು. ಅಮ್ಮ ಬಾವಿ ಕಟ್ಟೆಯ ಮೇಲೆ ಕೊಡ ಇಟ್ಟಳು. ಸೆರಗು ಸರಿಮಾಡಿಕೊಂಡಳು. ಅತ್ತೆಯ ಕಡೆ ನೋಡದೆ ನೇರ ನಡೆದು ಉಣುಗೋಲು ದಾಟಿದಳು. ಅಜ್ಜಿ ನನ್ನ ಬೆನ್ನು ದೂಡಿದಳು. "ಹೋಗು, ಜೊತೆಗೇ ಹೋಗು. ಏನು ಮಾತಾಡ್ತಾರೆ, ಒಂದೂ ಬಿಡದೆ ಕೇಳ್ಕೊಂಡು ಬಾ."

ಅಮ್ಮ ಜೀಪಿನ ಕಿಟಕಿಯ ಹತ್ತಿರ ಹೋಗಿ ಆಯಿಶಮ್ಮನ ಕೈ ಹಿಡಿದಳು. ನಾನು ಅವಳ ಪಕ್ಕ.

"ಮಾಫ್ ಮಾಡಿದ್ದೀನಿ" ಅಂದಳು ಅಮ್ಮ. ಆ ಶಬ್ದ ಅವಳ ಬಾಯಲ್ಲಿ ಸರಿಯಾಗಿ ಹೊರಳಲೂ ಇಲ್ಲ. "ಎಲ್ಲಾ ಮಾಫ್ ಮಾಡಿದ್ದೀನಿ. ನೀವೂ ನನಗೆ ಮಾಡ್ಬೇಕು ಆಯಿಶಮ್ಮ. ನೀವು ಆಡಿದ್ದನ್ನೆಲ್ಲ ದಿನಾ ಮನೇಲಿ ಒಪ್ಪಿಸ್ತಿದ್ದೆ. ನಾನು ಬಿಟ್ಟದ್ದನ್ನ ಇವಳು ಹೇಳ್ತಿದ್ಲು."

ಆಯಿಶಮ್ಮ ಅಳುತ್ತಲೇ ನಕ್ಕರು.

"ಗೊತ್ತಿತ್ತು ಮಾರಾಯ್ತಿ. ಗೊತ್ತಿದ್ದಕ್ಕೇ ಹೇಳ್ತಿದ್ದದ್ದು. ಕಳಸದ ಜೀಪು ಯಾವತ್ತೂ ಬಂದಿರ್ಲಿಲ್ಲ. ಗ್ಯಾರೇಜಲ್ಲಿ ನಿಂತು ಯಾರೂ ಏನೂ ಅಂದಿರ್ಲಿಲ್ಲ. ಎಲ್ಲಾ ನಾನೇ ಹುಟ್ಟಿಸಿದ್ದು. ಗೌಡ್ರಿಗೆ ಹೆಂಡ್ತಿ ಮಾತು ಕೇಳಲ್ಲ, ಜನರ ಮಾತು ಕೇಳುತ್ತೆ. ಸುಳ್ಳು ಸುಳ್ಳೇ ಅಲ್ವಾ ಸಾವಿತ್ರಕ್ಕ, ಅದಕ್ಕೇ ಮಾಫ್ ಕೇಳಿದ್ದು."

ಜೀಪು ಹೊರಟಿತು. ಅಮ್ಮ ಕಣ್ಣು ಒರೆಸಿಕೊಳ್ಳುತ್ತ ಹೊಗೆಯಲ್ಲೇ ನಿಂತಿದ್ದಳು. ನಾನು ನನ್ನ ನೀಲಿ ಲಂಗ ನೋಡಿಕೊಂಡೆ. ಅಜ್ಜಿ ಹೇಳಿದ್ದು ಸರಿಯಾಗಿತ್ತು, ಏನೂ ಮಾಡದೆ ಯಾರೂ ತಪ್ಪಾಯ್ತು ಅನ್ನುವುದಿಲ್ಲ. ಆಯಿಶಮ್ಮ ಮಾಡಿದ್ದರು.

ಅವತ್ತು ಊಟಕ್ಕೆ ಅಕ್ಕಿರೊಟ್ಟಿ. ಮೊದಲನೇ ರೊಟ್ಟಿ ತಟ್ಟೆಗೆ ಬೀಳುವ ಮೊದಲೇ ಅಜ್ಜಿ ಶುರು ಮಾಡಿದಳು.

"ಏನಂದ್ಳು? ಏನು ಮಾಡಿದ್ಲಂತೆ?"

ಅಮ್ಮ ಒಲೆಯ ಕಡೆ ತಿರುಗಿ ಕೂತಿದ್ದಳು. ನಾನು ಹೇಳಿದೆ:

"ಎಂಥ ಇಲ್ಲ ಅಜ್ಜಿ. ಹುಷಾರಾಗಿರಿ ಅಂದ್ರು, ಅಷ್ಟೇ."

"ಮತ್ತೆ ನಿಮ್ಮಮ್ಮ ಯಾಕೆ ಅತ್ತದ್ದು?"

"ಜೀಪಿನ ಹೊಗೆ."

ಅಜ್ಜಿ ನಂಬಲಿಲ್ಲ. ನಂಬುವ ಜೀವವೇ ಅಲ್ಲ ಅದು. ನನ್ನನ್ನೇ ನೋಡುತ್ತಿದ್ದಳು, ಅಪ್ಪನೂ ನೋಡುತ್ತಿದ್ದ. ಇನ್ನೇನಾದರೂ ಕೊಡಲೇಬೇಕಿತ್ತು. ನಾನು ರೊಟ್ಟಿ ಮುರಿಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದೆ:

"ಬೀಳ್ಕೊಡೋಕೆ ಬಂದಿದ್ರಲ್ಲ ನೆಂಟರು, ಅವ್ರಲ್ಲಿ ಒಬ್ರು ನಮ್ಮ ಬಾವಿ ಕಡೆ ನೋಡಿ ಕೇಳ್ತಿದ್ರು. ಎಸ್ಟೇಟಿನೋರ ಮನೆ ಅಂತೀರಿ, ಬಾವಿಗೊಂದು ರಾಟೆ ಇಲ್ವಾ ಅಂತ."

ಅಪ್ಪನ ಕೈ ನಿಂತಿತು. "ಯಾರು?"

"ಗೊತ್ತಿಲ್ಲ. ದಪ್ಪಗೆ ಒಬ್ರು. ಬಿಳಿ ಅಂಗಿ."

ಮುಂದಿನ ಸಂತೆಗೆ ರಾಟೆ ಬಂತು. ಆಯಿಶಮ್ಮ ಹಜ್ಜಿನಿಂದ ಬಂದ ಸಂಜೆ, ಒಂದು ಪೊಟ್ಟಣ ಖರ್ಜೂರ ಹಿಡಿದು ಬಿದಿರಿನ ಆಚೆ ನಿಂತಾಗ, ಅಮ್ಮ ನೀರು ಸೇದುತ್ತಿದ್ದಳು. ರಾಟೆ ಕಿರ್ ಕಿರ್ ಅನ್ನುತ್ತಿತ್ತು. ಆಯಿಶಮ್ಮ ಸ್ವಲ್ಪ ಹೊತ್ತು ಆ ಸದ್ದು ಕೇಳಿದರು.

"ಯಾರು ಏನಂದ್ರು ಸಾವಿತ್ರಕ್ಕ, ರಾಟೆ ಬರೋಕೆ?"

ಅಮ್ಮ ನನ್ನ ಕಡೆ ನೋಡಿದಳು. ಜಗಲಿಯಲ್ಲಿ ಅಜ್ಜಿ ಕಿವಿಯ ಮೇಲಿನ ಸೆರಗು ಸರಿಸಿಕೊಂಡಳು.

"ದಪ್ಪಗೆ ಒಬ್ರು" ಅಂದೆ. "ಬಿಳಿ ಅಂಗಿ."

ಆಯಿಶಮ್ಮ ಜಗಲಿಗೂ ಕೇಳುವ ಹಾಗೆ, ಗಂಭೀರವಾಗಿ ತಲೆ ಆಡಿಸಿದರು.

"ಹೌದೌದು, ಗೊತ್ತು ನನಗೆ. ಇನ್ನು ಮೇಲೆ ಅವ್ರು ಆಗಾಗ ಬರ್ತಾರಂತೆ."